ಲೆಕ್ಕ ಕೇಳಲು ಒಂದು ಮುಹೂರ್ತ

ಮೊನ್ನೆ ನಮ್ಮ ಬೀದಿಯ ಜೋಯಿಸರ ಮನೆ ಜಗಲಿಯಲ್ಲಿ ಹಳೇ ಪಂಚಾಂಗ ಹರಡಿಕೊಂಡು ಕೂತಿದ್ದೆವು. 2024ನೇ ಇಸವಿಯದು. ನನಗೆ ಬೇಕಿದ್ದದ್ದು ಮದುವೆ ದಿನವಲ್ಲ. ದಿಲ್ಲಿಯಲ್ಲಿ ಸರ್ಕಾರದ ಖರ್ಚು ನೋಡುವ ಸಂಸತ್ತಿನ ಸಮಿತಿಗಳು ಎಂಥ ಗಳಿಗೆಯಲ್ಲಿ ಹುಟ್ಟಿದವು ಅನ್ನುವುದು.

ಪದ್ಧತಿ ಹೀಗೆ. ಬಜೆಟ್ ಮಂಡನೆಯಾದ ಮೇಲೆ ಒಂದೊಂದು ಇಲಾಖೆ ಕೇಳುವ ದುಡ್ಡಿನ ಬೇಡಿಕೆ ಸ್ಥಾಯಿ ಸಮಿತಿಗೆ ಹೋಗಬೇಕು. ಇಂಥ 24 ಸಮಿತಿಗಳಿವೆ, ಒಂದೊಂದರಲ್ಲೂ 31 ಸಂಸದರು. ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು, ‘ಇಷ್ಟು ಯಾಕೆ? ಹೋದ ವರ್ಷದ್ದು ಏನಾಯ್ತು?’ ಅಂತ ಕೇಳಿ ವರದಿ ಕೊಡಬೇಕು. ಆಮೇಲಷ್ಟೇ ಸದನ ದುಡ್ಡಿಗೆ ಒಪ್ಪಿಗೆ ಕೊಡಬೇಕು.

ಆ ವರ್ಷ ಚುನಾವಣೆ ಇತ್ತು, ಸಮಿತಿಗಳನ್ನು ಹೊಸದಾಗಿ ರಚಿಸಬೇಕಿತ್ತು. ಜುಲೈ 23ಕ್ಕೆ ಬಜೆಟ್ ಬಂತು, 48 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ.

ಜೋಯಿಸರು ಬೆರಳಿಟ್ಟು ನೋಡಿದರು. “ಆಷಾಢ.”

ಆಗಸ್ಟ್ 5ಕ್ಕೆ ಲೋಕಸಭೆ ಇಲಾಖೆಗಳ ಬೇಡಿಕೆಗಳಿಗೆ ಒಪ್ಪಿಗೆ ಕೊಟ್ಟಿತು.

“ಶ್ರಾವಣ ಹುಟ್ಟಿದ ದಿನ!” ಅಂದರು. ಲಕ್ಷ್ಮಿ ಅಲ್ವಾ, ಆಷಾಢ ಕಳೆದ ಮೇಲೇ ಹೊಸ್ತಿಲು ದಾಟಿದ್ದಾಳೆ.

ಸಮಿತಿಗಳು ಹುಟ್ಟಿದ್ದು ಸೆಪ್ಟೆಂಬರ್ 26ಕ್ಕೆ. ಜೋಯಿಸರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. “ಪಿತೃಪಕ್ಷ ಕಣ್ರೀ. ಆಗ ಯಾರೂ ಹೊಸ ಪೊರಕೆ ಕೂಡ ಕೊಳ್ಳಲ್ಲ.” ಆಡಳಿತ ಪಕ್ಷ, ವಿರೋಧ ಪಕ್ಷ ಗೊತ್ತಿತ್ತು, ಈ ಮೂರನೇ ಪಕ್ಷ ನನಗೂ ಹೊಳೆದಿರಲಿಲ್ಲ. ಆದರೂ ಕೈಬಿಟ್ಟು ಹೋದ ದುಡ್ಡಿಗೆ ಎಡೆ ಇಡಲು ಇದಕ್ಕಿಂತ ಒಳ್ಳೇ ಕಾಲ ಬೇಕಾ?

ಇನ್ನೇನು, ಆ ವರ್ಷದ ಬೇಡಿಕೆ ಬಿಟ್ಟುಬಿಟ್ಟರು ಅಂದುಕೊಂಡಿರಾ? ಇಲ್ಲ. ಶಾಸ್ತ್ರ ಬಿಡಲಾದೀತೇ? ಸಭೆ ಕರೆದರು. ಆಗಲೇ ಮಂಜೂರಾದ ದುಡ್ಡು ಯಾಕೆ ಬೇಕು ಅಂತ ಅಧಿಕಾರಿಗಳು ವಿವರಿಸಿದರು. ಸಂಸದರು ಪ್ರಶ್ನೆ ಕೇಳಿದರು. ಮದುವೆ ಮುಗಿದು, ಸೊಸೆ ಅಕ್ಕಿ ಸೇರು ಒದ್ದು ಒಳಗೆ ಬಂದು, ಅಡುಗೆಮನೆ ಡಬ್ಬಗಳ ಜಾಗವನ್ನೆಲ್ಲ ಬದಲಾಯಿಸಿ ಆಗಿದೆ. ಈಗ ಹೆಣ್ಣು ನೋಡುವ ಶಾಸ್ತ್ರ! ಉಪ್ಪಿಟ್ಟು, ಕೇಸರಿಭಾತ್ ಸಮೇತ. ಹುಡುಗಿಗೆ ಹಾಡು ಬರುತ್ತಾ ಅಂತ ಸೋದರಮಾವ ಗಂಭೀರವಾಗಿ ಕೇಳುತ್ತಿದ್ದಾರೆ.

ಬೇಡ ಅನ್ನುವಂತೆಯೂ ಇಲ್ಲ. ಬೇಡಿಕೆಯ ಮೊತ್ತ ಕಡಿಮೆ ಮಾಡಿ ಅಂತ ಸಮಿತಿ ವರದಿಯಲ್ಲಿ ಸೂಚಿಸಬಾರದು, ಹಾಗಂತ ನಿಯಮವೇ ಇದೆ. ಉಳಿದ ಸಲಹೆಗಳನ್ನೂ ಸರ್ಕಾರ ಪಾಲಿಸಲೇಬೇಕು ಅಂತಿಲ್ಲ. ಹುಡುಗಿ ಚೆನ್ನಾಗಿದ್ದಾಳೆ, ಸ್ವಲ್ಪ ಮೆಲ್ಲಗೆ ಮಾತಾಡಲಿ ಅಂತ ಬರೆದುಕೊಟ್ಟು ಕೈತೊಳೆದು ಏಳಬೇಕು.

ವರದಿಗಳು ಡಿಸೆಂಬರ್‌ನಲ್ಲಿ ಬಂದವು. ಜೋಯಿಸರು ಪುಟ ತಿರುವಲೇ ಇಲ್ಲ. “ಧನುರ್ಮಾಸದ ಹೊತ್ತು ಬಿಡಿ, ಗೊತ್ತು.” ಮುಂದಿನ ಬಜೆಟ್ಟಿಗೆ ಆಗ ಎರಡು ತಿಂಗಳೂ ಉಳಿದಿರಲಿಲ್ಲ.

ಎಲ್ಲ ಚುನಾವಣೆಯಿಂದ ಆಯ್ತು, ಬೇರೆ ವರ್ಷ ಸರಿಯಾಗಿರುತ್ತೆ ಅಂತೀರಾ? 2023 ನೋಡಿ. ಸಮಿತಿಗಳು ಇದ್ದವು, ಬಜೆಟ್ ಅಧಿವೇಶನದ ನಡುವೆ ಅವುಗಳಿಗಾಗಿಯೇ ಬಿಡುವು ಕೊಟ್ಟಿದ್ದರು. ಆದರೆ ಗದ್ದಲದ ನಡುವೆ 45 ಲಕ್ಷ ಕೋಟಿಯ ಬಜೆಟ್ಟಿನ ಬೇಡಿಕೆಗಳಿಗೆ ಲೋಕಸಭೆ ಚರ್ಚೆಯೇ ಇಲ್ಲದೆ ಒಪ್ಪಿಗೆ ಕೊಟ್ಟಿತು. 2018ರಲ್ಲೂ ಅದೇ ಕಥೆ. ಹೀಗೆ ಚರ್ಚೆಯಾಗದೆ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಕಟ್ಟಿ ಒಂದೇ ಏಟಿಗೆ ಮತಕ್ಕೆ ಹಾಕುವುದಕ್ಕೆ ಗಿಲೊಟಿನ್ ಅಂತ ಹೆಸರು. ನಮ್ಮ ಪಂಚಾಂಗದ ಗುಳಿಕಕಾಲ ದಿನಕ್ಕೆ ಒಂದೂವರೆ ಗಂಟೆ ಇರುತ್ತದೆ. ಗಿಲೊಟಿನ್ ಕಾಲಕ್ಕೆ ಅಷ್ಟೆಲ್ಲ ಬೇಕಾಗಿಲ್ಲ.

“ಜೋಯಿಸರೇ, ಮುಂದಿನ ಸಲಕ್ಕಾದರೂ ಲೆಕ್ಕ ಕೇಳೋಕೆ ಒಂದು ಒಳ್ಳೇ ಮುಹೂರ್ತ ಹುಡುಕಿಕೊಡಿ” ಅಂದೆ.

ಅವರು ಪಂಚಾಂಗ ಮಡಚಿಟ್ಟು ಕೈ ಚಾಚಿದರು. “ದಕ್ಷಿಣೆ ಈಗ ಕೊಟ್ಟುಬಿಡಿ. ಮುಹೂರ್ತ ಆಮೇಲೆ ನೋಡೋಣ.”