ಅದು ಕುಡಿಯೋಕೆ ಮಾಡಿದ ವೈನ್ ಕಣ್ರೀ

2018ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಒಂದೇ ಒಂದು ಬಾಟಲ್ ಕೆಂಪು ವೈನ್ 5,58,000 ಡಾಲರಿಗೆ ಹೋಯಿತು. ಜಾಸ್ತಿ ಅಂದರೆ 32,000 ಬರಬಹುದು ಅಂತ ಹರಾಜಿನವರೇ ಅಂದಾಜು ಮಾಡಿದ್ದರು. ರೊಮಾನೆ ಕೊಂತಿ, 1945ರದ್ದು. ಅದೇ ದಿನ ಅದೇ ವರ್ಷದ ಇನ್ನೊಂದು ಬಾಟಲ್ 4,96,000ಕ್ಕೆ ಮಾರಾಟವಾಯಿತು. ಈ ವೈನಿನ ಮಾತು ಬಂದಾಗಲೆಲ್ಲ ಜನ ಈ ಬೆಲೆ ಹೇಳುತ್ತಾರೆ, ಮೂಗಿನ ಮೇಲೆ ಬೆರಳಿಡುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ನನಗೆ ಬೇಜಾರಾಗುವುದೇ ಅದಕ್ಕೆ. 1945ರ ಬಾಟಲ್ ಯಾಕೆ ಅಷ್ಟು ಅಪರೂಪ ಅಂತ ಯಾರೂ ಕೇಳುವುದಿಲ್ಲ.

ಫ್ರಾನ್ಸಿನ ಬರ್ಗಂಡಿಯಲ್ಲಿ ವೋನ್ ರೊಮಾನೆ ಅಂತ ಒಂದು ಪುಟ್ಟ ಹಳ್ಳಿ. ಊರಿನ ಹಿಂದೆ ಇಳಿಜಾರಿನ ಕಡೆ ಸ್ವಲ್ಪ ನಡೆದರೆ ಈ ವೈನಿನ ದ್ರಾಕ್ಷಿ ತೋಟ, ಅದರ ಹೆಸರೂ ರೊಮಾನೆ ಕೊಂತಿ. ಗಿಡ್ಡ ಕಲ್ಲಿನ ಗೋಡೆ, ಅದರ ಮೇಲೊಂದು ಕಲ್ಲಿನ ಶಿಲುಬೆ, ಪಕ್ಕದಲ್ಲಿ ಒಂದು ಫಲಕ. ಇಲ್ಲಿಗೆ ತುಂಬಾ ಜನ ಬರುತ್ತಾರೆ, ಯಾಕೆ ಅಂತ ನಮಗೂ ಅರ್ಥವಾಗುತ್ತದೆ, ಆದರೆ ದಯವಿಟ್ಟು ರಸ್ತೆಯಲ್ಲೇ ನಿಂತು ನೋಡಿ, ತೋಟದೊಳಗೆ ಕಾಲಿಡಬೇಡಿ ಅನ್ನುವ ಅರ್ಥದ ಮಾತು ಅದರಲ್ಲಿದೆ. ಇಡೀ ತೋಟ 1.8 ಹೆಕ್ಟೇರ್, ಅಂದರೆ ಸುಮಾರು ನಾಲ್ಕೂವರೆ ಎಕರೆ. ಬೆಳೆಯುವುದು ಪಿನೋ ನ್ವಾರ್ ಅನ್ನುವ ತೆಳು ಸಿಪ್ಪೆಯ ಕಪ್ಪು ದ್ರಾಕ್ಷಿ. ವರ್ಷಕ್ಕೆ ಐದಾರು ಸಾವಿರ ಬಾಟಲ್ ಆದರೆ ಅದೇ ಹೆಚ್ಚು. 1760ರಲ್ಲಿ ಕೊಂತಿ ರಾಜಕುಮಾರ ಈ ಜಾಗ ಕೊಂಡಿದ್ದ, ಹೆಸರಿನ ಕೊನೆಯ ಭಾಗ ಅವನದು. ಟ್ರ್ಯಾಕ್ಟರ್ ಭಾರಕ್ಕೆ ಮಣ್ಣು ಗಟ್ಟಿಯಾಗುತ್ತದೆ ಅಂತ ಇಲ್ಲಿ ಇವತ್ತಿಗೂ ಕುದುರೆ ಕಟ್ಟಿ ಉಳುತ್ತಾರೆ.

ಈಗ 1945ಕ್ಕೆ ಬರುತ್ತೇನೆ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಅನ್ನುವ ಹೇನಿನಂಥ ಹುಳ ಅಮೆರಿಕದಿಂದ ಬಂದು ಯುರೋಪಿನ ದ್ರಾಕ್ಷಿ ಬಳ್ಳಿಗಳ ಬೇರನ್ನೇ ಹಾಳುಮಾಡಿತು. ಆ ಹುಳವನ್ನು ತಡೆದುಕೊಳ್ಳುವ ಅಮೆರಿಕದ ಬಳ್ಳಿಯ ಬುಡಕ್ಕೆ ತಮ್ಮ ಕಡ್ಡಿ ಕಸಿ ಕಟ್ಟಿ ಉಳಿದವರು ಬಚಾವಾದರು. ರೊಮಾನೆ ಕೊಂತಿ ತೋಟದವರು ಮಾತ್ರ ಹಳೇ ಬೇರು ಬಿಡಲಿಲ್ಲ. ಮಣ್ಣಿಗೆ ಕಾರ್ಬನ್ ಡೈಸಲ್ಫೈಡ್ ಅನ್ನುವ ಹುಳ ಕೊಲ್ಲುವ ಔಷಧ ಹಾಕಿ ಹಾಕಿ ದಶಕಗಟ್ಟಲೆ ಆ ಬಳ್ಳಿಗಳನ್ನು ಉಳಿಸಿಕೊಂಡರು. ಎರಡನೇ ಮಹಾಯುದ್ಧ ಬಂತು, ಔಷಧ ಸಿಗಲಿಲ್ಲ, ಕೆಲಸಕ್ಕೆ ಆಳೂ ಸಿಗಲಿಲ್ಲ. ಬಳ್ಳಿ ಸೊರಗಿತು. 1945ರ ವಸಂತದಲ್ಲಿ ಹಿಮ ಬಿತ್ತು, ಆಮೇಲೆ ಆಲಿಕಲ್ಲು. ಆ ವರ್ಷ ಆಗಿದ್ದು ಸುಮಾರು 600 ಬಾಟಲ್ ಅಷ್ಟೇ. ಕೊಯ್ಲು ಮುಗಿದ ಮೇಲೆ ಅಷ್ಟೂ ಬಳ್ಳಿ ಕಿತ್ತುಹಾಕಿದರು. 1947ರಲ್ಲಿ ಹತ್ತಿರದ ತಮ್ಮದೇ ಇನ್ನೊಂದು ತೋಟ ಲಾ ತಾಶ್‌ನಿಂದ ಕಡ್ಡಿ ತಂದು ಹೊಸದಾಗಿ ನೆಟ್ಟರು. ಮುಂದಿನ ರೊಮಾನೆ ಕೊಂತಿ ಬಂದಿದ್ದು 1952ರಲ್ಲಿ. ಮಧ್ಯೆ ಆರು ವರ್ಷ ಆ ಹೆಸರಿನ ಒಂದೇ ಒಂದು ಬಾಟಲ್ ಇಲ್ಲ! ಎಳೆ ಬಳ್ಳಿಯ ಹಣ್ಣಿನಿಂದ ಏನೋ ಒಂದು ಮಾಡಿ ಅದೇ ಚೀಟಿ ಅಂಟಿಸಿದ್ದರೂ ಕೊಳ್ಳುವವರು ಇರುತ್ತಿದ್ದರು. ಮಾಡಲಿಲ್ಲ. ನನಗೆ ಈ ತೋಟದ ಮೇಲೆ ಗೌರವ ಬಂದಿದ್ದು ಇದಕ್ಕೆ.

ಬೆಲೆ ಏರಿದ ಹಾಗೆ ಏನೇನು ಬಂತು ನೋಡಿ. ರೂಡಿ ಕುರ್ನಿಯಾವಾನ್ ಅಂತ ಒಬ್ಬ, ಈ ವೈನಿನ ಹುಚ್ಚಿಗೆ ಅವನನ್ನು ಡಾಕ್ಟರ್ ಕೊಂತಿ ಅಂತಲೇ ಕರೆಯುತ್ತಿದ್ದರು, ಕ್ಯಾಲಿಫೋರ್ನಿಯಾದ ತನ್ನ ಮನೆಯಲ್ಲೇ ವೈನ್ ಬೆರಕೆ ಮಾಡಿ ಹಳೇ ಚೀಟಿ ಅಂಟಿಸಿ ಶ್ರೀಮಂತರಿಗೆ ಮಾರಿದ. 2014ರಲ್ಲಿ 10 ವರ್ಷ ಜೈಲು ಆಯಿತು. 2010ರಲ್ಲಿ ಇನ್ನೊಬ್ಬ ತೋಟಕ್ಕೇ ಬಂದು ಬಳ್ಳಿಗೆ ತೂತು ಕೊರೆದು ವಿಷ ಹಾಕಿದ, 10 ಲಕ್ಷ ಯೂರೊ ಕೊಡದಿದ್ದರೆ ಎಲ್ಲವನ್ನೂ ಸಾಯಿಸುತ್ತೇನೆ ಅಂದ. ಪಕ್ಕದ ಹಳ್ಳಿಯ ಸ್ಮಶಾನದಲ್ಲಿ ದುಡ್ಡಿನ ಗಂಟು ಇಟ್ಟು ಪೊಲೀಸರು ಅವನನ್ನು ಹಿಡಿದರು. ಏನು ತಪ್ಪು ಮಾಡಿದ್ದವು ಆ ಬಳ್ಳಿಗಳು?

ಮಾಲೀಕರೇ ದುಬಾರಿಗೆ ಮಾರುತ್ತಾರಲ್ಲ ಅಂತ ಕೇಳುವವರಿದ್ದಾರೆ. ನಿಜ, ಅಗ್ಗಕ್ಕೇನೂ ಕೊಡುವುದಿಲ್ಲ. ಆದರೆ ತೋಟದವರು ತಮ್ಮ ಏಜೆಂಟರಿಗೆ ಕೊಡುವ ಬೆಲೆಗೂ ಆಮೇಲೆ ಕೈಯಿಂದ ಕೈಗೆ ಹೋಗುತ್ತಾ ಏರುವ ಬೆಲೆಗೂ ಅಜಗಜಾಂತರ. ಆ ವ್ಯತ್ಯಾಸ ತಿನ್ನುವವರಲ್ಲಿ ಎಷ್ಟೋ ಜನ ಬಾಟಲಿನ ಬಿರಡೆ ತೆಗೆಯುವುದೇ ಇಲ್ಲ. ಕೊಂಡು, ಗೋದಾಮಿನಲ್ಲಿ ಇಟ್ಟು, ಶೇರು ಮಾರಿದ ಹಾಗೆ ಮಾರುತ್ತಾರೆ. ಕುದುರೆ ಹಿಂದೆ ನಡೆದು ಉತ್ತವನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಅವಮಾನ ನನಗೆ ಕಾಣುವುದಿಲ್ಲ.

ನಾನು ಈ ವೈನ್ ಕುಡಿದಿಲ್ಲ, ಕುಡಿಯುತ್ತೇನೆ ಅನ್ನುವ ಆಸೆಯೂ ಇಲ್ಲ. ಆದರೆ ಅದೇ ಊರಿನ ಬೇರೆ ರೈತರು ಸುಮ್ನೆ ವೋನ್ ರೊಮಾನೆ ಅಂತ ಹಳ್ಳಿಯ ಹೆಸರಲ್ಲೇ ವೈನ್ ಮಾಡುತ್ತಾರೆ. ಅದೂ ಅಗ್ಗ ಅಲ್ಲ, ಆದರೆ ನಾಲ್ಕು ಜನ ಗೆಳೆಯರು ಸೇರಿ ದುಡ್ಡು ಹಾಕಿದರೆ ಒಂದು ಬಾಟಲ್ ಕೊಳ್ಳಬಹುದು. ಫ್ರಾನ್ಸಿಗೆ ಹೋಗುವವರಿದ್ದರೆ ಪ್ಯಾರಿಸ್ ಒಂದನ್ನೇ ನೋಡಿ ಬರಬೇಡಿ, ಬರ್ಗಂಡಿಯ ದಿಜೋನ್ ಪಟ್ಟಣದವರೆಗೆ ರೈಲು ಹತ್ತಿ. ಹಳ್ಳಿಯ ಹೆಸರಿನ ಆ ಬಾಟಲ್ ಊಟದ ಜೊತೆ ತೆಗೆದು ನಿಧಾನವಾಗಿ ಕುಡಿಯಿರಿ, ಹೇಗಿತ್ತು ಅಂತ ಇಲ್ಲೇ ಕೆಳಗೆ ಬರೆಯಿರಿ.