ಕಿಟಕಿ ತೆರೆದರೆ ನಿದ್ದೆ ಓಡುವುದಿಲ್ಲ

‘ರಾತ್ರಿ ಒಬ್ಬರೇ ಕಾರು ಓಡಿಸುವಾಗ ನಿದ್ದೆ ಬಂದರೆ ಕಿಟಕಿ ತೆರೆದು, ಹಾಡಿನ ದನಿ ಏರಿಸಿದರೆ ಸಾಕು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ತಣ್ಣನೆಯ ಗಾಳಿಗೆ ಕೆಲವು ನಿಮಿಷ ಎಚ್ಚರವಾದಂತೆ ಅನ್ನಿಸುತ್ತದೆ, ಅಷ್ಟೇ. ಮೆದುಳಿಗೆ ಬೇಕಾದ ನಿದ್ದೆ ಬಾಕಿಯೇ ಉಳಿದಿರುತ್ತದೆ. ಕಣ್ಣು ತೆರೆದಿದ್ದರೂ ಜೊಂಪು ಹತ್ತಬಹುದು. ಗಂಟೆಗೆ 80 ಕಿ.ಮೀ. ವೇಗದಲ್ಲಿ 4 ಸೆಕೆಂಡಿನ ಜೊಂಪೆಂದರೆ ಸುಮಾರು 89 ಮೀಟರ್ ಕುರುಡು ಓಟ.

ಹುಬ್ಬಳ್ಳಿ ಕಡೆಯಿಂದ ಬರುವವರಿಗೆ ಶಿರಾ ದಾಟಿದೊಡನೆ ಬೆಂಗಳೂರು ಬಂದೇಬಿಟ್ಟಿತು ಎನಿಸುತ್ತದೆ. ಇನ್ನೂ ನೂರು ಕಿ.ಮೀ.ಗೂ ಹೆಚ್ಚು ಇದೆ! ರಸ್ತೆಯಂಚಿನ ಪಟ್ಟಿ ಚಕ್ರದಡಿ ಗರಗರ ಎಂದರೆ, ಈಗಷ್ಟೇ ದಾಟಿದ ಊರು ನೆನಪಾಗದಿದ್ದರೆ, ದಯವಿಟ್ಟು ನಿಲ್ಲಿಸಿ. ಬೆಳಕಿರುವ ಪೆಟ್ರೋಲ್ ಬಂಕ್‌ನಲ್ಲಿ ಕಾಫಿ ಕುಡಿದು 15–20 ನಿಮಿಷ ಮಲಗಿ. ಕಾಫಿಯಲ್ಲಿರುವ ಕೆಫೀನ್ ಕೆಲಸ ಶುರುಮಾಡಲು ಸುಮಾರು ಅರ್ಧ ಗಂಟೆ ಬೇಕು; ಅಷ್ಟರೊಳಗೆ ಒಂದು ಸಣ್ಣ ನಿದ್ದೆ ಮುಗಿದಿರುತ್ತದೆ. ಮಲಗುವ ಮುನ್ನ ಮನೆಗೊಂದು ಕರೆ ಮಾಡಿ, ತಡವಾಗುತ್ತದೆ ಎಂದು ತಿಳಿಸಿ.