ಕ್ಯಾಮೆರಾ ಹಾಳಾಗಿರಲಿಲ್ಲ!

ಈಗಷ್ಟೇ ಅಡಿಕೆ ಅಂಗಳದಿಂದ ಒಳಗೆ ಬಂದೆ. ಖುಷಿಯೂ ಇದೆ, ಸಿಟ್ಟೂ ಇದೆ. ಸಿಟ್ಟೇ ಜಾಸ್ತಿ. ಅದಕ್ಕೇ ಕೈಕಾಲು ತೊಳೆಯುವ ಮೊದಲೇ ಬರೆಯುತ್ತಿದ್ದೇನೆ.

ಶಿರಸಿ ಕಡೆಯ ನಮ್ಮ ಮನೆ ನಿಮಗೆಲ್ಲ ಗೊತ್ತೇ ಇದೆ. ಜಗುಲಿಯಿಂದ ಅಂಗಳದ ಆ ತುದಿಗೆ 60 ಮೀಟರ್. ಚಾಲಿ, ಅಂದರೆ ಬಿಸಿಲಿಗೆ ಒಣಗಿಸುವ ಹಣ್ಣಡಿಕೆ, ಹರವಿದ ದಿನಗಳಲ್ಲಿ ಆ ತುದಿಯ ಮೇಲೆ ಕಣ್ಣಿಡಲೇಬೇಕು. ಆದರೆ ಒಂದು ತಿಂಗಳಿಂದ ಅಲ್ಲಿನ ಸಿಸಿಟಿವಿ ಹಗಲೆಲ್ಲ ಚೆನ್ನಾಗಿರುತ್ತಿತ್ತು, ಕತ್ತಲಾದ ಕೂಡಲೇ ಚಿತ್ರ ಹೋಗುತ್ತಿತ್ತು. ಬೆಳಗಾದರೆ ಮತ್ತೆ ಹಾಜರು.

ಹಾಕಿಸಿದ ಅಂಗಡಿಯವರನ್ನು ಕರೆದೆ. ಬಂದವರು ಜಗುಲಿಯಲ್ಲಿ ಕೂತು ಪರದೆ ನೋಡಿದರು. ಏಣಿ ಹತ್ತಲಿಲ್ಲ. ಕ್ಯಾಮೆರಾ ಹೋಗಿದೆ, ಹೊಸದು ಬೇಕು ಅಂದರು. 2,200 ರೂಪಾಯಿ ಕೊಟ್ಟೆ. ಅದೇ ಸಂಜೆ ಹೊಸದೂ ಹೋಯಿತು! ಮತ್ತೆ ಕರೆದರೆ, ಈಗ ಚಿತ್ರ ದಾಖಲಿಸುವ ಪೆಟ್ಟಿಗೆ, ಡಿವಿಆರ್, ಬದಲಾಯಿಸಬೇಕಂತೆ. ಒಂದೇ ಒಂದು ಸಲ ವೋಲ್ಟೇಜ್ ಅಳೆಯುವ ಮೀಟರ್ ಇಟ್ಟು ನೋಡಲಿಲ್ಲ.

ಇವತ್ತು ಪಕ್ಕದ ಊರಿನ ಐಟಿಐ ಹುಡುಗ ಬಂದ. ಬಂದವನು ಮೊದಲು ಕೇಳಿದ್ದೇ, "ಎಷ್ಟು ಹೊತ್ತಿಗೆ ಹೋಗ್ತದೆ ಅಣ್ಣಾ?" ಅಂತ. ಕತ್ತಲಾಗುವವರೆಗೆ ಕಾದ. ಕ್ಯಾಮೆರಾದ ಕೆಳಗೆ ನಿಂತು, "ಕೇಳಿ" ಅಂದ. ಟಿಕ್. ಲೆನ್ಸಿನ ಸುತ್ತ ಸಣ್ಣ ಕೆಂಪು ಚುಕ್ಕೆಗಳು ಹೊತ್ತಿಕೊಂಡವು. ಆರಿದವು. ಮತ್ತೆ ಟಿಕ್. ಮತ್ತೆ ಹೊತ್ತಿದವು, ಆರಿದವು. ರಾತ್ರಿಯಿಡೀ ಅದು ಪಾಪ ಹೀಗೇ ಎದ್ದು ಬೀಳುತ್ತಿತ್ತು!

ಕತ್ತಲಾದರೆ ರಾತ್ರಿ ಕಾಣಲೆಂದು ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ ದೀಪ ಹೊತ್ತುತ್ತದೆ, ಕ್ಯಾಮೆರಾ ಜಾಸ್ತಿ ಕರೆಂಟ್ ಎಳೆಯುತ್ತದೆ. ವೈರು ತೆಳು, ಉದ್ದ ಬೇರೆ. ಅಡಾಪ್ಟರ್ ಹತ್ತಿರ 12 ವೋಲ್ಟ್ ಇದ್ದದ್ದು ಆ ತುದಿಗೆ ಮುಟ್ಟುವಾಗ ಬೆಳಕಿದ್ದಾಗ 10.8, ದೀಪ ಹೊತ್ತಿದರೆ 8.5. ಅಷ್ಟು ಸಾಲದೆ ಕ್ಯಾಮೆರಾ ನಿಲ್ಲುತ್ತದೆ, ದೀಪ ಆರುತ್ತದೆ, ವೋಲ್ಟೇಜ್ ಏರುತ್ತದೆ, ಮತ್ತೆ ಶುರು. ನಡುವಿನ ಜಾಯಿಂಟಿನ ಟೇಪ್ ಬಿಚ್ಚಿದ. ಮಳೆನೀರು ಇಳಿದು ತಾಮ್ರದ ಎಳೆಗಳೆಲ್ಲ ಹಸಿರು ಕಿಲುಬು. ಮುಟ್ಟಿದರೆ ಪುಡಿ. ಅದನ್ನು ಕತ್ತರಿಸಿ ಹೊಸದಾಗಿ ಜೋಡಿಸಿ, ಕೊಟ್ಟಿಗೆಯ ಪಾಯಿಂಟಿನಿಂದ ಕ್ಯಾಮೆರಾ ಪಕ್ಕದಲ್ಲೇ ಬೇರೆ ಅಡಾಪ್ಟರ್ ಕೊಟ್ಟ. ಮುಗಿಯಿತು.

ದಿನಕ್ಕೆ ಹತ್ತು ಮನೆ ತಿರುಗುವ ಅಂಗಡಿ ಹುಡುಗರಿಗೆ ಇಷ್ಟೆಲ್ಲ ಪುರುಸೊತ್ತು ಎಲ್ಲಿರುತ್ತದೆ ಅಂತ ನೀವು ಕೇಳಬಹುದು. ಹಳೆಯದನ್ನು ಕಿತ್ತು ಹೊಸದು ಹಾಕಲು ಪುರುಸೊತ್ತು ಇತ್ತಲ್ವಾ? ಮೀಟರಿನ ಎರಡು ಕಡ್ಡಿ ತಾಗಿಸಲು ಎರಡು ನಿಮಿಷ ಸಾಕು. ಹಗಲು ಹನ್ನೊಂದಕ್ಕೆ ಬಂದು ರಾತ್ರಿಯ ತೊಂದರೆ ಹುಡುಕಿದರೆ ಎಲ್ಲಿ ಸಿಗುತ್ತದೆ?

ದುಡ್ಡು ಹೋಗಲಿ. ಆ ತಿಂಗಳಲ್ಲಿ ಲೆಕ್ಕಕ್ಕೆ ಎರಡು ಚೀಲ ಕಮ್ಮಿ ಬಂದವು. ನಮ್ಮಲ್ಲಿ ಹನ್ನೆರಡು ವರ್ಷದಿಂದ ಕೆಲಸಕ್ಕೆ ಬರುವವನ ಮೇಲೆ ನನಗೆ ಅನುಮಾನ ಬಂತು. ಸಂಜೆ ಅವನೇ ಏನೋ ಮಾಡಿ ಕ್ಯಾಮೆರಾ ಕೆಡಿಸುತ್ತಿದ್ದಾನೆ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಾತು ಕಮ್ಮಿ ಮಾಡಿದೆ. ಆಯಿ ಬೈದಳು, ಕೇಳಲಿಲ್ಲ. ಇವತ್ತು ಕತ್ತಲಲ್ಲಿ ಏಣಿ ಹಿಡಿದು ನಿಂತವನು ಅವನೇ. ಅವನ ಮುಖ ನೋಡಲು ನನಗೆ ಆಗಲಿಲ್ಲ. ಕಿಲುಬು ಹಿಡಿದ ಒಂದು ಜಾಯಿಂಟ್ ನೋಡದೆ ಹೋದದ್ದಕ್ಕೆ ನನ್ನ ತಲೆ ಎಲ್ಲಿಗೆ ಹೋಗಿತ್ತು ನೋಡಿ. ನಾಳೆ ಅವನ ಹತ್ತಿರ ಮಾತಾಡಬೇಕು.

ಮೂಲೆಗೆ ಎಸೆದಿದ್ದ ಹಳೇ ಕ್ಯಾಮೆರಾವನ್ನೂ ಹುಡುಗ ಜಗುಲಿಯಲ್ಲೇ ಹಚ್ಚಿ ನೋಡಿದ. ದೀಪ ಆರಿಸಿದೆವು. ಟಿಕ್ ಅಂತು, ಒಂದೇ ಸಲ. ಚಿತ್ರ ಹೋಗಲೇ ಇಲ್ಲ.